ಬೆಂಚಿಲ್ಲದ ದಾರಿ

ಬ್ರಿಜಿಟಳನ್ನು ನಡೆಸಬೇಕಾದರೆ ಬೆಂಚುಗಳಿಲ್ಲದ ಜಾಗ ಹುಡುಕಬೇಕು ಎಂಬುದು ಹ್ಯೂಬರ್ಟ್ ಪಿರೇರನಿಗೆ ನವೆಂಬರ್ ಎರಡನೆಯ ವಾರದಲ್ಲಿ ಅರ್ಥವಾಯಿತು. ಅಷ್ಟರಲ್ಲಿ ಅವನು ಹೆಂಡತಿಯನ್ನು ಬಹ್ರೇನಿನ ಎರಡು ಮಾಲ್‌ಗಳಿಗೆ, ಒಂದು ಪಾರ್ಕಿಗೆ, ಮುಹರ್ರಕ್‌ನ ಕಡಲ ಬದಿಯ ವಾಕಿಂಗ್ ದಾರಿಗೆ ಕರೆದುಕೊಂಡು ಹೋಗಿ ಆಗಿತ್ತು. ನಾಲ್ಕೂ ಕಡೆ ಅವಳು ಮೊದಲ ಬೆಂಚಿನ ತನಕ ನಡೆದಳು. ಕೂತಳು. ಪರ್ಸನ್ನು ಮಡಿಲಲ್ಲಿಟ್ಟುಕೊಂಡಳು. "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೇನೆ," ಎಂದಳು. ಹ್ಯೂಬರ್ಟ್ ಹೋಗಿ ಬಂದ. ಹೀಗೆ ಹದಿನೈದು ದಿನಗಳಲ್ಲಿ ಯಾವ ತೊಂದರೆಯೂ ಇಲ್ಲದ ಅವನ ಮೊಣಕಾಲು ಬಹಳ ಸುಧಾರಿಸಿತು.

ತೊಂದರೆಯಿದ್ದದ್ದು ಅವಳ ಬಲಗಾಲಿಗೆ. ಅಕ್ಟೋಬರಿನಲ್ಲಿ ಮೊಣಕಾಲಿನ ಕೀಲು ಬದಲಿಸಿದ್ದರು. ಆಪರೇಶನ್ ಚೆನ್ನಾಗಿ ಆಗಿತ್ತು, ಹೊಲಿಗೆ ಒಣಗಿತ್ತು, ಕಾಲು ಮಾತ್ರ ಮಡಚುತ್ತಿರಲಿಲ್ಲ. ಫಿಸಿಯೋಥೆರಪಿಯ ನಶ್ವಾ ಎಂಬ ಈಜಿಪ್ಟಿನ ಹೆಂಗಸು ಪ್ಲಾಸ್ಟಿಕ್ಕಿನ ಮಾಪಕ ಇಟ್ಟು ನೋಡಿ ಎಪ್ಪತ್ತನಾಲ್ಕು ಡಿಗ್ರಿ ಎಂದಳು. ಜನವರಿ ಇಪ್ಪತ್ತಕ್ಕೆ ನೂರ ಹತ್ತು ಆಗಬೇಕು. ಆಗದಿದ್ದರೆ ಡಾಕ್ಟರು ಮತ್ತೆ ಪ್ರಜ್ಞೆ ತಪ್ಪಿಸಿ ಕಾಲನ್ನು ಬಲವಂತವಾಗಿ ಮಡಚುತ್ತಾರೆ. "ಮನೆಯಲ್ಲಿ ದಿನಾ ವ್ಯಾಯಾಮ, ವಾರಕ್ಕೆ ಮೂರು ದಿನ ಮಣ್ಣಿನ ನೆಲದ ಮೇಲೆ ನಡಿಗೆ. ಮಧ್ಯದಲ್ಲಿ ಕೂರಬಾರದು. ಯಲ್ಲಾ," ಎಂದು ಮುಂದಿನ ರೋಗಿಯನ್ನು ಕರೆದಳು.

ಮೊದಲ ಸಲ ಅರಿವಳಿಕೆಯಿಂದ ಏಳುವಾಗ ಬ್ರಿಜಿಟಳ ಎದೆಬಡಿತ ಏರುಪೇರಾಗಿ ಒಂದು ದಿನ ಐಸಿಯುನಲ್ಲಿ ಇಟ್ಟಿದ್ದರು. ಹೊರಗಿನ ಕುರ್ಚಿಯಲ್ಲಿ ಕೂತು ಹ್ಯೂಬರ್ಟ್ ಎದುರಿನ ಗೋಡೆಯ ಏಸಿಯ ಮಾಡೆಲ್ ನಂಬರನ್ನು ನೂರಾರು ಸಲ ಓದಿದ್ದ. ಆ ಕುರ್ಚಿಯಲ್ಲಿ ಇನ್ನೊಮ್ಮೆ ಕೂರುವುದು ಅವನಿಂದ ಸಾಧ್ಯವಿರಲಿಲ್ಲ. ಅವನಿಗೆ ಹೆದರಿಕೆಯಾಗಿತ್ತು. ಅದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ.

ಹ್ಯೂಬರ್ಟ್ ಕಿನ್ನಿಗೋಳಿಯ ಕಡೆಯವನು, ಈಗ ಅರವತ್ತಮೂರು. ತೊಂಬತ್ತರ ಸುಮಾರಿಗೆ ಬಹ್ರೇನಿಗೆ ಬಂದವನು ಅಂದಿನಿಂದ ಇಂದಿನ ತನಕ ಒಂದೇ ಏರ್‌ಕಂಡೀಶನ್ ಕಂಪೆನಿಯಲ್ಲಿ ಸ್ಟೋರ್‌ಕೀಪರ್. ಗುಫೂಲ್ ಬಡಾವಣೆಯ ಅದೇ ಕಟ್ಟಡದ ಅದೇ ಎರಡನೆಯ ಮಹಡಿಯಲ್ಲಿ ಮನೆ. ಅವನ ಕೆಲಸಕ್ಕೆ ಒಂದೇ ತತ್ವ: ಯಾವ ಸಾಮಾನೂ ಪೂರ್ತಿ ಮುಗಿಯಬಾರದು, ಹತ್ತಕ್ಕೆ ಇಳಿದ ಕೂಡಲೇ ಆರ್ಡರ್ ಹಾಕಬೇಕು. ಇಷ್ಟು ವರ್ಷಗಳಲ್ಲಿ ಯಾವ ಮೆಕ್ಯಾನಿಕನಿಗೂ ಅವನು "ಇಲ್ಲ" ಎಂದವನಲ್ಲ. "ನಾಳೆ ಬಾ" ಎಂದದ್ದುಂಟು. ಮನೆಯಲ್ಲೂ ಉಪ್ಪು, ಬೆಂಕಿಪೊಟ್ಟಣ, ಸೋಪು ಇವು ಯಾವತ್ತೂ ಹತ್ತಕ್ಕಿಂತ ಕಡಿಮೆ ಇರುತ್ತಿರಲಿಲ್ಲ. ಗ್ಯಾಸ್ ಸ್ಟವ್ ಬಂದು ಮೂವತ್ತು ವರ್ಷವಾದ ಮನೆಯಲ್ಲಿ ಬೆಂಕಿಪೊಟ್ಟಣ ಹತ್ತು ಯಾಕೆ ಎಂದು ಬ್ರಿಜಿಟ್ ಕೇಳುವುದನ್ನು ಬಿಟ್ಟಿದ್ದಳು.

ಬೆಂಚಿಲ್ಲದ ಜಾಗ ಎಂದರೆ ಹಳ್ಳಿ. ಬುದೈಯ ರಸ್ತೆಯ ಬದಿಯ ಹಳ್ಳಿಯೊಂದರಲ್ಲಿ ಇಬ್ರಾಹಿಂ ಎಂಬ ಮುದುಕನ ಖರ್ಜೂರದ ತೋಟವಿತ್ತು. ಹಿಂದೊಮ್ಮೆ ಆಗಸ್ಟ್ ತಿಂಗಳಲ್ಲಿ ಎಲ್ಲೂ ಸಿಗದ ಒಂದು ಬಿಡಿಭಾಗವನ್ನು ಹುಡುಕಿ ಕೊಟ್ಟಿದ್ದಕ್ಕೆ ಹ್ಯೂಬರ್ಟನ ಮೇಲೆ ಅವನಿಗೆ ಮರೆಯದ ಪ್ರೀತಿ. ಹ್ಯೂಬರ್ಟ್ ಹೋಗಿ ತೋಟ ನೋಡಿದ. ಒತ್ತಾದ ಮರಗಳು, ನೆರಳು, ಕೆಳಗೆ ಮೆತ್ತಗಿನ ಮಣ್ಣು, ಮರದಿಂದ ಮರಕ್ಕೆ ಹಾರುವ ಬುಲ್‌ಬುಲ್‌ಗಳು. ಕಾಡು ಎನ್ನಬೇಕೆಂದರೆ ಎನ್ನಬಹುದು. ಆದರೆ ಬಾಗಿಲ ಬಳಿಯಲ್ಲಿ ಎರಡು ಕಲ್ಲಿನ ಮೇಲೆ ಒಂದು ಹಲಗೆ ಇತ್ತು.

"ಯೆ ಹಟಾ ಸಕ್ತೇ ಹೈಂ?" ಎಂದು ಹಿಂದಿಯಲ್ಲಿ ಕೇಳಿದ, ಇದನ್ನು ತೆಗೆಯಬಹುದಾ ಎಂದು.

ಇಬ್ರಾಹಿಂ ಕಾರಣ ಕೇಳಿದ. ಕೇಳಿಯಾದ ಮೇಲೆ ಹಲಗೆಯನ್ನು ತಾನೇ ಎತ್ತಿಕೊಂಡು ಹೋಗಿ ಪಂಪ್‌ಹೌಸಿನೊಳಗೆ ಇಟ್ಟು ಬೀಗ ಹಾಕಿದ. ಅವನ ಮನೆಯಲ್ಲೂ ಹೆಂಡತಿಗೆ ಮೊಣಕಾಲು ನೋವಿತ್ತು.

ಬೆಂಚಿಲ್ಲದಿದ್ದರೆ ನೆಲದ ಮೇಲೆ ಕೂರುವ ಹೆಂಗಸು ಬ್ರಿಜಿಟ್. ಅದಕ್ಕೆ ಹ್ಯೂಬರ್ಟ್ ಎರಡನೆಯ ಉಪಾಯವನ್ನೂ ಸಿದ್ಧ ಮಾಡಿಕೊಂಡಿದ್ದ. ಆ ಮನೆಯಲ್ಲಿ ಸಂಜೆಯ ತೇರ್ಸ, ಅಂದರೆ ಜಪಮಾಲೆ, ಒಂದು ದಿನವೂ ತಪ್ಪಿದ್ದಿಲ್ಲ. ಮತ್ತು ತೇರ್ಸ ಶುರುವಾಯಿತೆಂದರೆ ಮುಗಿಯುವ ತನಕ ಯಾರೂ ನಡುವೆ ನಿಲ್ಲಿಸುವಂತಿಲ್ಲ. ಇದು ಬ್ರಿಜಿಟ್ ತವರಿನಿಂದ ತಂದ ಕಾನೂನು. ಕುಕ್ಕರ್ ಕೂಗಲಿ, ಕಾಲಿಂಗ್ ಬೆಲ್ ಆಗಲಿ, ಒಮ್ಮೆ ಅಡುಗೆಮನೆಯಲ್ಲಿ ಮೀನು ಕರಟಿಹೋಗಿ ಹೊಗೆ ಎದ್ದರೂ ಕೊನೆಯ ಆಮೆನ್ ಆಗದೆ ಯಾರೂ ಏಳಲಿಲ್ಲ. ನಿಂತು ಶುರುಮಾಡಿದರೆ ನಿಂತೇ ಮುಗಿಸಬೇಕು, ಮೊಣಕಾಲೂರಿ ಶುರುಮಾಡಿದರೆ ಮೊಣಕಾಲಲ್ಲೇ. ಹಾಗಾದರೆ ನಡೆಯುತ್ತಾ ಶುರುಮಾಡಿದರೆ?

ತೋಟದ ಬಾಗಿಲು ದಾಟಿದ ಕೂಡಲೇ ಹ್ಯೂಬರ್ಟ್ ಕಿಸೆಯಿಂದ ಜಪಮಾಲೆ ತೆಗೆದು ಶಿಲುಬೆಯ ಗುರುತು ಹಾಕಿದ.

"ಎಂತದ್ದು ಇದು? ಇಲ್ಲಿಯಾ?" ಎಂದಳು ಬ್ರಿಜಿಟ್.

"ನಮಾನ್ ಮರಿಯೆ," ಎಂದು ಹ್ಯೂಬರ್ಟ್ ಕೊಂಕಣಿಯಲ್ಲಿ ಮರಿಯಮ್ಮನ ಜಪ ಶುರುಮಾಡಿದ. ಒಬ್ಬರು ಅರ್ಧ ಹೇಳಿದರೆ ಇನ್ನೊಬ್ಬರು ಉಳಿದರ್ಧ ಹೇಳಲೇಬೇಕು. ಅವಳು ಅವನನ್ನು ಕೆಕ್ಕರಿಸಿ ನೋಡಿದಳು, "ಭಾಗೆವಂತ್ ಮರಿಯೆ," ಎಂದಳು, ಊರುಗೋಲು ಮುಂದಿಟ್ಟಳು. ಇಪ್ಪತ್ತು ನಿಮಿಷ, ಐವತ್ತಮೂರು ಮಣಿ. ಮುನ್ನೂರು ಮೀಟರ್. ಕೊನೆಯ ಆಮೆನ್‌ಗೆ ಅವಳು ಹಲಗೆ ಇದ್ದ ಜಾಗಕ್ಕೆ ಬಂದು, ಬರಿಯ ಕಲ್ಲು ನೋಡಿ, ಕಾರಿನಲ್ಲಿ ಹೋಗಿ ಕೂತಳು.

ಮುನ್ನೂರು ಮೀಟರ್ ಎಂದು ಹೇಳಿದವರು ಬಾಲಸುಬ್ರಹ್ಮಣ್ಯ. ಮೈಸೂರಿನವರು, ಕೆಳಗಿನ ಫ್ಲ್ಯಾಟಿನಲ್ಲಿ ವಾಸ, ಕೊಳಚೆ ನೀರು ಶುದ್ಧ ಮಾಡುವ ಘಟಕಗಳ ಇಂಜಿನಿಯರ್. ಶುಗರ್ ಬಂದ ಮೇಲೆ ಮಗಳು ಒಂದು ವಾಚು ಕೊಡಿಸಿದ್ದಳು. ಹೆಜ್ಜೆ, ನಾಡಿ, ನಿದ್ದೆ, ಏರು ಇಳಿವು ಎಲ್ಲವನ್ನೂ ಹೇಳುವ ವಾಚು. ಅದನ್ನು ಹಾಕಿಕೊಂಡು ಒಬ್ಬರೇ ನಡೆಯಲು ಬೇಜಾರಾಗಿ ಇವರ ಜೊತೆಯಾಗಿದ್ದರು. ಮಂಗಳವಾರ, ಶುಕ್ರವಾರ, ಶನಿವಾರ ಸಂಜೆ ನಾಲ್ಕಕ್ಕೆ ಅವರು ಲಿಫ್ಟಿನ ಬಳಿ ಟೋಪಿ ಹಾಕಿಕೊಂಡು ತಯಾರಾಗಿರುತ್ತಿದ್ದರು. ತೇರ್ಸದ ಹೊತ್ತಿನಲ್ಲಿ ಎರಡು ಹೆಜ್ಜೆ ಹಿಂದೆ, ಮರ್ಯಾದೆಗೆ ಟೋಪಿ ತೆಗೆದು ನಡೆಯುತ್ತಿದ್ದರು.

"ಎಲಿವೇಶನ್ ಗೇನ್ ಜೀರೋ, ಹ್ಯೂಬರ್ಟ್ ಅವ್ರೇ. ತುಂಬಾ ಈಸಿ ರೂಟು," ಎಂದು ಪ್ರತಿ ಸಲವೂ ವರದಿ ಒಪ್ಪಿಸುತ್ತಿದ್ದರು. ಬಹ್ರೇನಿನಲ್ಲಿ ಬೇರೆ ಉತ್ತರ ಬರುವ ಸಾಧ್ಯತೆ ಕಡಿಮೆ. ಆದರೂ ಅವರು ನೋಡದೆ ಹೇಳುವವರಲ್ಲ.

ಮಂಗಳವಾರ ಮತ್ತು ಶುಕ್ರವಾರಕ್ಕೆ ತೇರ್ಸದಲ್ಲಿ ದುಃಖದ ರಹಸ್ಯಗಳು ಬರುತ್ತವೆ. ಹಾಗಾಗಿ ಯೇಸುಸ್ವಾಮಿ ಶಿಲುಬೆ ಹೊತ್ತು ಬೆಟ್ಟ ಹತ್ತುವ ಭಾಗಕ್ಕೆ ವಾರಕ್ಕೆ ಎರಡು ಸಲ ಬಂದು, ಬ್ರಿಜಿಟ್ ತನ್ನ ಕಾಲಿನ ಬಗ್ಗೆ ಏನೂ ಹೇಳಲಾಗದೆ ನಡೆಯಬೇಕಾಗುತ್ತಿತ್ತು. ಇದು ಹ್ಯೂಬರ್ಟನ ಲೆಕ್ಕಾಚಾರವಲ್ಲ, ಆದರೆ ಅವನು ಬೇಡವೆನ್ನಲೂ ಇಲ್ಲ.

ಮೂರನೆಯ ವಾರ ಅವಳು ಹೊಸ ತಕರಾರು ತೆಗೆದಳು. "ಬರೀ ಮರ, ಮರ, ಮರ. ಒಂದು ಹೊಳೆ ಇಲ್ಲ, ತೋಡಿಲ್ಲ. ನಮ್ಮಲ್ಲಿ ಹೊಳೆ ಬದಿಯಲ್ಲಿ ನಡೆದ್ರೆ ಕಾಲು ನೋವೇ ಗೊತ್ತಾಗ್ತಿರಲಿಲ್ಲ." ಬ್ರಿಜಿಟ್ ಶಾಂಭವಿ ಹೊಳೆಯ ಬದಿಯ ಊರಿನವಳು. ಒಂದು ಹೊಳೆಯೂ ಇಲ್ಲದ ದೇಶದಲ್ಲಿ ಮೂವತ್ತು ವರ್ಷ ಇದ್ದು, ಮುಹರ್ರಕ್‌ನ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್ ಆಗಿ ನಿವೃತ್ತಳೂ ಆಗಿ, ಆ ಕೊರತೆಯನ್ನು ಈಗ ಗಂಡನ ತಲೆಗೆ ಕಟ್ಟಿದಳು.

"ಇಲ್ಲ" ಎನ್ನುವುದು ಹ್ಯೂಬರ್ಟನ ಜಾಯಮಾನವಲ್ಲ. "ನಾಳೆ ನೋಡುವಾ," ಎಂದ. ಇಬ್ರಾಹಿಂನ ತೋಟದ ಹಿಂದೆ ಹಳೆಯ ಕಾಲುವೆ ಒಂದಿತ್ತು. ಒಂದು ಕಾಲದಲ್ಲಿ ಬುಗ್ಗೆಯ ನೀರು ಹರಿಯುತ್ತಿದ್ದ ಕಾಲುವೆ. ಬುಗ್ಗೆ ಬತ್ತಿ ಎಷ್ಟೋ ವರ್ಷವಾಗಿತ್ತು, ಈಗ ಪೈಪಿನಲ್ಲಿ ಬಂದ ನೀರು ಹರಿಯುತ್ತಿತ್ತು. ಅಗಲ ಎರಡು ಅಡಿ. ಎರಡೂ ಬದಿಯಲ್ಲಿ ಹುಲ್ಲು, ಜೊಂಡು, ಅಲ್ಲೊಂದು ಇಲ್ಲೊಂದು ಬೆಳ್ಳಕ್ಕಿ. ಹ್ಯೂಬರ್ಟ್ ಅದನ್ನು ತೋರಿಸಿ ಗಂಭೀರವಾಗಿ "ಹೊಳೆ" ಎಂದ. ಬ್ರಿಜಿಟ್ ಎರಡು ನಿಮಿಷ ನೋಡಿದಳು. "ಬೇಸಿಗೆಯ ಹೊಳೆ," ಎಂದಳು. ಅಷ್ಟರ ಮಟ್ಟಿಗೆ ಒಪ್ಪಿಗೆ ಸಿಕ್ಕಿತು.

ಆ ನೀರು ಎಲ್ಲಿಂದ ಬರುತ್ತದೆ ಎಂಬುದು ಬಾಲಸುಬ್ರಹ್ಮಣ್ಯರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಇಡೀ ವೃತ್ತಿಜೀವನವೇ ಆ ನೀರು. ಮೂರು ಹಂತದ ಶುದ್ಧೀಕರಣದ ಬಗ್ಗೆ ಹೇಳಲು ಅವರು ಬಾಯಿ ತೆರೆದಾಗ ಹ್ಯೂಬರ್ಟ್ ಅವರ ಮೊಣಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ. "ಸಾರ್, ನಿಮ್ಮ ಕಾಲು ಹಿಡೀತೇನೆ. ಜನವರಿ ಇಪ್ಪತ್ತರ ತನಕ ಹೊಳೆ ಅಂತಲೇ ಇರ್ಲಿ." ಬಾಲಸುಬ್ರಹ್ಮಣ್ಯ ಮಾತು ಕೊಟ್ಟರು. ಆಮೇಲೆ ಕಾಲುವೆಯ ಬಳಿ ಬಂದಾಗಲೆಲ್ಲ ಅವರು ಕೆಮ್ಮುತ್ತಿದ್ದರು.

ಹೊಳೆಯ ದಾರಿ ಮುಂದೆ ಇನ್ನೂ ಅರ್ಧ ಕಿಲೋಮೀಟರಿತ್ತು, ತೇರ್ಸ ಮಾತ್ರ ಇಪ್ಪತ್ತು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ನಶ್ವಾ ಎಂಬತ್ತೆರಡು ಡಿಗ್ರಿ ಎಂದು ಬರೆದುಕೊಂಡು ಇನ್ನೂ ದೂರ ನಡೆಸಲು ಹೇಳಿದ್ದಳು. ಹ್ಯೂಬರ್ಟ್ ತೇರ್ಸವನ್ನು ಉದ್ದ ಮಾಡಿದ. ಪ್ರಾರ್ಥನೆಯ ಕೊನೆಗೆ ತೀರಿಹೋದ ಮನೆಯವರ ಆತ್ಮಕ್ಕೆ ಒಂದೊಂದು "ಆಮ್ಚ್ಯಾ ಬಾಪಾ", ಅಂದರೆ ಪರಲೋಕದ ತಂದೆಯ ಪ್ರಾರ್ಥನೆ, ಹೇಳುವ ಕ್ರಮವಿದೆ. ಹೆಸರು ಹೇಳಿದ ಮೇಲೆ ಪ್ರಾರ್ಥನೆ ಬೇಡವೆನ್ನಲು ಯಾರಿಗೆ ಧೈರ್ಯ? ಮೊದಲು ಅವನ ಅಪ್ಪ ಅಮ್ಮ, ಅವಳ ಅಪ್ಪ ಅಮ್ಮ. ಒಬ್ಬರಿಗೆ ಹನ್ನೆರಡು ಮೀಟರ್ ಎಂದು ಬಾಲಸುಬ್ರಹ್ಮಣ್ಯ ಅಳೆದು ಹೇಳಿದರು. ಅಜ್ಜ ಅಜ್ಜಿಯರು, ಮಾವಂದಿರು, ಮುಂಬಯಿಯ ಚಿಕ್ಕಮ್ಮ, ಆಫ್ರಿಕಾದಲ್ಲಿ ತೀರಿಹೋದ ಯಾರೋ ಒಬ್ಬರು. ಬ್ರಿಜಿಟಳಿಗೆ ತನ್ನ ತವರಿನ ಸತ್ತವರನ್ನು ಗಂಡ ಇಷ್ಟು ನೆನಪಿಟ್ಟಿದ್ದಾನಲ್ಲ ಎಂದು ಒಳಗೊಳಗೇ ಸಂತೋಷವಾಯಿತು. ಕ್ರಿಸ್ಮಸ್ ಹೊತ್ತಿಗೆ ನಲವತ್ತೊಂದು ಆತ್ಮಗಳು ಸೇರಿ ಅವಳನ್ನು ಕಾಲುವೆಯ ಕೊನೆಯ ತನಕ ಮುಟ್ಟಿಸಿದವು. ಮೊಣಕಾಲು ತೊಂಬತ್ತಮೂರಕ್ಕೆ ಬಂತು.

ಆಮೇಲೆ ಸ್ಟಾಕ್ ಮುಗಿಯಿತು. ಹ್ಯೂಬರ್ಟ್ ಊರಿನ ಪಾದ್ರಿಗಳನ್ನು ಸೇರಿಸಿದ, ಕಂಪೆನಿಯ ಹಳೆಯ ಫೋರ್‌ಮನ್ನನ್ನು ಸೇರಿಸಿದ. ಚಿಕ್ಕಂದಿನಲ್ಲಿ ಸಾಕಿದ ಟೈಗರ್ ಎಂಬ ನಾಯಿಯನ್ನು ಸೇರಿಸಬಹುದೇ ಎಂದು ಎರಡು ದಿನ ಯೋಚಿಸಿ, ಇಗರ್ಜಿಯವರು ಒಪ್ಪುತ್ತಾರೋ ಇಲ್ಲವೋ ಎಂದು ಬಿಟ್ಟ. ಸತ್ತವರನ್ನು ಆರ್ಡರ್ ಹಾಕಿ ತರಿಸುವಂತಿರಲಿಲ್ಲ.

ಆಗ ಅವನಿಗೆ ಬ್ರಿಜಿಟಳ ವಿಳಾಸದ ಡೈರಿ ನೆನಪಾಯಿತು. ಮದುವೆಗೆ ಮುಂಚಿನಿಂದ ಇರುವ ಕಪ್ಪು ರಟ್ಟಿನ ಡೈರಿ. ಯಾರಾದರೂ ತೀರಿಹೋದರೆ ಬ್ರಿಜಿಟ್ ಅವರ ಹೆಸರಿನ ಮೇಲೆ ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆಯುತ್ತಿದ್ದಳು. ಜನವರಿ ಒಂದನೆಯ ತಾರೀಕು ರಜೆಯ ದಿನ, ಅವಳು ಮಲಗಿದ್ದಾಗ ಹ್ಯೂಬರ್ಟ್ ಡೈರಿ ತೆರೆದು ಗೆರೆ ಬಿದ್ದ ಹೆಸರುಗಳನ್ನೆಲ್ಲ ಒಂದು ಚೀಟಿಗೆ ನಕಲು ಮಾಡಿದ. ಇಪ್ಪತ್ತೆರಡು ಹೆಸರು, ಹತ್ತು ನಿಮಿಷ. ಜೀವಮಾನವಿಡೀ ಪಾರ್ಟ್ ನಂಬರ್ ನಕಲು ಮಾಡಿದ ಕೈ ಅದು. ಬರೆಯುತ್ತದೆ, ಏನು ಬರೆದೆ ಎಂದು ಓದುವ ಅಭ್ಯಾಸ ಅದಕ್ಕಿಲ್ಲ.

ಮರುದಿನ ಶುಕ್ರವಾರ. ಹೊಸ ಜಾಗ ಬೇಕೆಂದು ಅಂದು ತೂಬ್ಲಿ ಕೊಲ್ಲಿಯ ಕಡೆ ಹೋದರು. ಅಲ್ಲಿ ಕಡಲಿನ ನೀರು ಒಳಗೆ ಬಂದು ಜವುಗು ನೆಲವಾಗಿದೆ, ಮೊಣಕಾಲೆತ್ತರದಿಂದ ಆಳೆತ್ತರದ ತನಕ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಕೆಸರಿನಲ್ಲಿ ಏಡಿಯ ತೂತುಗಳು, ದೂರದಲ್ಲಿ ಚಳಿಗಾಲಕ್ಕೆ ಬಂದ ಫ್ಲೆಮಿಂಗೊಗಳು ಒಂದು ಕಾಲಿನ ಮೇಲೆ. ಬ್ರಿಜಿಟ್ ಅವನ್ನು ಅಸೂಯೆಯಿಂದ ನೋಡಿದಳು. ಜವುಗಿನ ಅಂಚಿಗೆ ಮಣ್ಣಿನ ದಂಡೆ, ಸಪಾಟು, ಬೆಂಚಿಲ್ಲ.

ತೇರ್ಸ ಮುಗಿಯಿತು, ಸತ್ತವರು ಶುರುವಾದರು. ಹಳಬರೆಲ್ಲ ಆದ ಮೇಲೆ ಹ್ಯೂಬರ್ಟ್ ಚೀಟಿ ತೆಗೆದ. ಹೊಸಬರಲ್ಲಿ ಐದು ಮಂದಿ ಆದರು. ಬ್ರಿಜಿಟಳ ಊರುಗೋಲು ತಾಳಬದ್ಧವಾಗಿ ಮಣ್ಣಿಗೆ ತಾಗುತ್ತಿತ್ತು. ಹಿಂದಿನಿಂದ ಬಾಲಸುಬ್ರಹ್ಮಣ್ಯರೂ ಉತ್ತರ ಹೇಳುತ್ತಿದ್ದರು. ಎರಡು ತಿಂಗಳು ಕೇಳಿ ಕೇಳಿ ಅವರಿಗೆ ಎಲ್ಲ ಬಾಯಿಪಾಠ ಬಂದಿತ್ತು, ಸುಮ್ಮನಿರುವುದು ಕಷ್ಟವಾಗಿತ್ತು.

"ಎರಿಕ್ ಫ್ರಾನ್ಸಿಸ್ ಪಿಂಟೊ ಇವರ ಆತ್ಮಕ್ಕೆ," ಎಂದು ಹ್ಯೂಬರ್ಟ್ ಓದಿದ.

ಊರುಗೋಲಿನ ಸದ್ದು ನಿಂತಿತು.

ಎರಿಕ್ ಬ್ರಿಜಿಟಳ ಒಬ್ಬನೇ ತಮ್ಮ. ಊರಿನ ಹೈಸ್ಕೂಲಿನ ಹೆಡ್ಮಾಸ್ಟರ್. ಆರು ವರ್ಷದ ಹಿಂದೆ ಹ್ಯೂಬರ್ಟ್ ದಂಪತಿಗಳ ಮಗಳು ಅಲಿಶಾಳ ಮದುವೆಯಲ್ಲಿ ಟೋಸ್ಟ್, ಅಂದರೆ ವಧೂವರರಿಗೆ ಶುಭ ಕೋರುವ ಭಾಷಣ, ಹೇಳುವ ಗೌರವ ಅವನದಾಗಿತ್ತು. ಸೋದರಮಾವ, ಮೇಲಾಗಿ ಹೆಡ್ಮಾಸ್ಟರ್. ಅವನು ಹನ್ನೆರಡು ಪುಟ ಬರೆದುಕೊಂಡು ಬಂದ. ನಾಲ್ಕನೆಯ ಪುಟ ಮುಗಿಯುವಾಗ ಮಕ್ಕಳು ಅಳುತ್ತಿದ್ದರು, ಕ್ಯಾಟರಿಂಗಿನವನು ಬಿರಿಯಾನಿ ಆರಿತು ಎಂದು ಕೈಮುಗಿಯುತ್ತಿದ್ದ. ಬ್ರಿಜಿಟ್ ಬ್ಯಾಂಡಿನವನಿಗೆ ಕಣ್ಸನ್ನೆ ಮಾಡಿದಳು. ಬ್ಯಾಂಡ್ ಶುರುವಾಯಿತು. ಎರಿಕ್ ಕಾಗದ ಮಡಚಿ ಕಿಸೆಗೆ ಹಾಕಿ, ಊಟ ಮಾಡದೆ ಹೊರಟುಹೋದ. ಅಂದಿನಿಂದ ಮಾತಿಲ್ಲ. ಒಂದು ವರ್ಷ ಕಾದು ಬ್ರಿಜಿಟ್ ಡೈರಿಯಲ್ಲಿ ಅವನ ಹೆಸರಿನ ಮೇಲೂ ಗೆರೆ ಎಳೆದಿದ್ದಳು, ಸ್ಕೇಲ್ ಇಡದೆ.

"ಯಾವಾಗ?" ಎಂದಳು ಬ್ರಿಜಿಟ್.

ಹ್ಯೂಬರ್ಟ್ ಗಕ್ಕನೆ ನಿಂತ. ಚೀಟಿ ನೋಡಿದ. ತನ್ನದೇ ಅಕ್ಷರ. "ಇಲ್ಲ, ಇಲ್ಲ, ಬ್ರಿಜಿಟ್, ಅವನು ಉಂಟು. ಇದು ಡೈರಿಯಿಂದ..."

"ಯಾವಾಗ ಆದದ್ದು? ನನ್ನ ಕಾಲು ಸರಿಯಾಗ್ಲಿ ಅಂತ ಮುಚ್ಚಿಟ್ರಿ ಅಲ್ವಾ? ಈಗ ಪ್ರಾರ್ಥನೆಯಲ್ಲಿ ಮೆಲ್ಲ ಸೇರಿಸಿ ಹೇಳಿದ್ದು ಅಲ್ವಾ?"

"ದೇವರಾಣೆ ಅವನಿಗೆ ಎಂತದೂ ಆಗ್ಲಿಲ್ಲ ಮಾರಾಯ್ತಿ!"

ಮೂವತ್ತಾರು ವರ್ಷದ ದಾಂಪತ್ಯದಲ್ಲಿ ಹ್ಯೂಬರ್ಟ್ ದೇವರಾಣೆ ಹಾಕಿದ್ದು ಅದೇ ಮೊದಲು. ಹಾಗಾಗಿ ಅವಳಿಗೆ ಸಂಶಯ ಇನ್ನೂ ಗಟ್ಟಿಯಾಯಿತು. ಅವಳು ಫೋನ್ ತೆಗೆದು ಎರಿಕನ ನಂಬರು ಒತ್ತಿದಳು. ಡೈರಿಯಲ್ಲಿ ಗೆರೆ ಬಿದ್ದಿದ್ದ ನಂಬರು ಅವಳಿಗೆ ಬಾಯಿಪಾಠವಿತ್ತು. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದಳು. ಎತ್ತಲಿಲ್ಲ.

"ಬದುಕಿದ್ರೆ ಯಾಕೆ ಎತ್ತುವುದಿಲ್ಲ? ಹೇಳಿ!"

ಬ್ರಿಜಿಟ್ ಊರುಗೋಲನ್ನು ಕಾಂಡ್ಲಾ ಗಿಡಕ್ಕೆ ಒರಗಿಸಿ, ಫೋನ್ ಕಿವಿಗಿಟ್ಟುಕೊಂಡು, ದಂಡೆಯ ಮೇಲೆ ಆಚೆ ನಡೆದಳು. ಕೊನೆಗೆ ಹೋಗಿ ತಿರುಗಿ ಈಚೆ ಬಂದಳು. ಮತ್ತೆ ಆಚೆ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. "ಬಿರಿಯಾನಿ ಆರಿದ್ರೆ ಆರ್ತಿತ್ತು," ಎಂದು ಯಾರಿಗೂ ಅಲ್ಲದೆ ಹೇಳುತ್ತಿದ್ದಳು. ಹ್ಯೂಬರ್ಟ್ ಹಿಂದೆ ಹಿಂದೆ ಓಡಿದ, ಸಾಟಿಯಾಗಲಿಲ್ಲ. ಬಾಲಸುಬ್ರಹ್ಮಣ್ಯ ಟೋಪಿಯನ್ನು ಎದೆಗೆ ಹಿಡಿದು ಅವಳ ಜೊತೆಜೊತೆಗೇ ಆಚೆ ಈಚೆ ನಡೆದರು. ಇಂಥ ಹೊತ್ತಿನಲ್ಲಿ ವಾಚು ನೋಡಬಾರದು ಎಂಬುದು ಅವರಿಗೆ ಗೊತ್ತಿತ್ತು. ಆದರೂ ಒಮ್ಮೆ ನೋಡಿದರು.

ಹನ್ನೊಂದನೆಯ ಸಲಕ್ಕೆ ಎರಿಕ್ ಫೋನ್ ಎತ್ತಿದ. ಬ್ರಿಜಿಟಳ ಬೆರಳು ತಾಗಿ ಸ್ಪೀಕರ್ ಆನ್ ಆಗಿತ್ತು. ಜವುಗಿನ ಮೇಲೆಲ್ಲ ಅವನ ಸ್ವರ ಕೇಳಿಸಿತು.

"ಹಲೋ. ಯಾರು?"

"ನೀನು ಬದುಕಿದ್ದೀಯಾ?"

"ಬದುಕಿದ್ದೇನೆ. ಯಾಕೆ, ಎಂತ ಆಗ್ಬೇಕಿತ್ತು?"

"ಫೋನ್ ಎತ್ತಲಿಕ್ಕೆ ಎಂತ ದಾಡಿ ನಿನಗೆ?"

"ಏಳೂವರೆಗೆ ತೇರ್ಸ ಅಲ್ವಾ ಬಾಯ್. ನಡುವಿನಲ್ಲಿ ನಿಲ್ಲಿಸ್ಬಾರ್ದು ಅಂತ ನೀನೇ ಹೇಳಿಕೊಟ್ಟದ್ದು."

ಬಹ್ರೇನಿನ ಐದು ಗಂಟೆ ಊರಿನ ಏಳೂವರೆ. ಅಕ್ಕನನ್ನು "ಬಾಯ್" ಎಂದು ಎರಿಕ್ ಕರೆದದ್ದು ಆರು ವರ್ಷದ ಮೇಲೆ. ಬ್ರಿಜಿಟ್ ನಡೆಯುತ್ತಲೇ ಅತ್ತಳು, ಅಳುತ್ತಲೇ ಬೈದಳು, ಹ್ಯೂಬರ್ಟ್ ಅವನನ್ನು ಸತ್ತವರ ಪಟ್ಟಿಗೆ ಹಾಕಿದ್ದನ್ನು ಹೇಳಿದಳು. ಎರಿಕ್ ಅದನ್ನು ಸಾವಧಾನವಾಗಿ ಕೇಳಿದ. "ಭಾವನ ಅಕ್ಷರ ಒಳ್ಳೆದುಂಟು, ಗಮನ ಸಾಲದು," ಎಂದ. ಆಮೇಲೆ ಮಾತು ಮುಗಿಯಿತು. ಇನ್ನೇನು ಫೋನ್ ಇಡಬೇಕು, ಅಷ್ಟರಲ್ಲಿ ಎರಿಕ್ ಗಂಟಲು ಸರಿಪಡಿಸಿಕೊಂಡ.

"ಇನ್ನೂ ಎಂಟು ಪುಟ ಬಾಕಿ ಉಂಟು," ಎಂದ.

"ಇಟ್ಟಿದ್ದೀಯಾ?"

"ಲ್ಯಾಮಿನೇಶನ್ ಮಾಡಿಸಿದ್ದೇನೆ."

ಬ್ರಿಜಿಟ್ ಮೂಗು ಒರೆಸಿಕೊಂಡಳು. "ನಾಳೆ ಸಂಜೆ ಓದು. ತೇರ್ಸ ಆದ ಮೇಲೆ. ದಿನಕ್ಕೆ ಒಂದು ಪುಟ, ಹೆಚ್ಚು ಬೇಡ."

ಎರಡು ಕಿಲೋಮೀಟರು ಇನ್ನೂರು ಮೀಟರು, ಊರುಗೋಲಿಲ್ಲದೆ, ಎಂದು ಕಾರಿನಲ್ಲಿ ಬಾಲಸುಬ್ರಹ್ಮಣ್ಯ ಪಿಸುಗುಟ್ಟಿದರು. ಎಲಿವೇಶನ್ ಬಗ್ಗೆ ಅಂದು ಏನೂ ಹೇಳಲಿಲ್ಲ.

ಹೀಗೆ ಸತ್ತವರಿಗೆ ವಿಶ್ರಾಂತಿ ಸಿಕ್ಕಿತು. ಶನಿವಾರದಿಂದ ಕಾಲುವೆಯ ಬದಿಯಲ್ಲಿ ತೇರ್ಸ ಮುಗಿದ ಕೂಡಲೇ ಹ್ಯೂಬರ್ಟ್ ಫೋನನ್ನು ಅಂಗಿಯ ಕಿಸೆಯಲ್ಲಿ ತಲೆ ಹೊರಗೆ ಬರುವಂತೆ ಇಟ್ಟುಕೊಳ್ಳುತ್ತಿದ್ದ, ಅವನ ಎದೆಯಿಂದ ಎರಿಕ್ ಮಾತಾಡುತ್ತಿದ್ದ. ಐದನೆಯ ಪುಟದಲ್ಲಿ ವಿವಾಹದ ಪಾವಿತ್ರ್ಯ, ಆರರಲ್ಲಿ ಪಿಂಟೊ ಕುಟುಂಬದ ಮೂಲ, ಏಳರಲ್ಲಿಯೂ ಅದೇ. ಹೆಡ್ಮಾಸ್ಟರಿಗೆ ಒಂದು ಪುಟ ಓದಲು ಅರ್ಧ ಗಂಟೆ ಬೇಕು. ಒಂದು ವಾಕ್ಯ ಓದಿ ಅದನ್ನು ವಿವರಿಸುವುದು ಅವನ ಅಭ್ಯಾಸ. ಆ ಮದುವೆಯ ಹಾಲಿನಲ್ಲಿ ಬ್ಯಾಂಡ್ ಬಾರಿಸಿದ್ದು ಒಂದರ್ಥದಲ್ಲಿ ಸರಿಯೇ ಆಗಿತ್ತು ಎಂದು ಹ್ಯೂಬರ್ಟನಿಗೆ ಅನ್ನಿಸಿತು. ಹೇಳಲಿಲ್ಲ. ಬ್ರಿಜಿಟ್ ಮಾತ್ರ ತೋಟವನ್ನು ಎರಡು ಸುತ್ತು ಹಾಕಿದಳು, ಆಮೇಲೆ ಮೂರು. ತಮ್ಮನ ಮಾತು ಮುಗಿಯುವ ತನಕ ಈ ಸಲ ತಾನು ನಿಲ್ಲುವುದಿಲ್ಲ ಎಂದು ಅವಳು ಯಾರಿಗೂ ಹೇಳದೆ ತೀರ್ಮಾನಿಸಿದ್ದಳು.

ಜನವರಿ ಇಪ್ಪತ್ತು ಮಂಗಳವಾರ. ಬೆಳಿಗ್ಗೆ ನಶ್ವಾ ಮಾಪಕ ಇಟ್ಟಳು, ಹುಬ್ಬು ಗಂಟಿಕ್ಕಿದಳು, ತೆಗೆದು ಮತ್ತೊಮ್ಮೆ ಇಟ್ಟಳು. ನೂರ ಹದಿಮೂರು. "ಏನು ಮಾಡಿಸಿದಿರಿ?" ಎಂದು ಹ್ಯೂಬರ್ಟನನ್ನು ಕೇಳಿದಳು. ಟೋಸ್ಟ್ ಎಂದು ಹೇಳಿದರೆ ಬ್ರೆಡ್ಡು ಎಂದು ಬರೆದುಕೊಂಡಾಳು ಎಂದು "ನಡಿಗೆ" ಎಂದ. ಹೊರಗಿನ ಕಾರಿಡಾರಿಗೆ ಬಂದು ಕುರ್ಚಿ ಇದ್ದರೂ ಕೂರದೆ, ಗೋಡೆಯ ಕಡೆ ಮುಖಮಾಡಿ ಕಣ್ಣೊರೆಸಿಕೊಂಡ.

ಇನ್ನು ನಡೆಯಲೇಬೇಕೆಂದಿರಲಿಲ್ಲ. ಆದರೆ ಸಂಜೆ ನಾಲ್ಕಕ್ಕೆ ಶೂ ಹಾಕಿಕೊಂಡು ಮೊದಲು ಬಾಗಿಲಿಗೆ ಬಂದವಳು ಬ್ರಿಜಿಟ್. ಹನ್ನೆರಡನೆಯ ಪುಟ ಬಾಕಿಯಿತ್ತು.

ಕಾಲುವೆಯ ಬದಿಯಲ್ಲಿ ಬೆಳ್ಳಕ್ಕಿಗಳಿದ್ದವು. ಇಬ್ರಾಹಿಂ ಗಾವ, ಅಂದರೆ ಅರಬ್ಬಿ ಕಾಫಿ, ಮತ್ತು ಖರ್ಜೂರ ತಟ್ಟೆಯಲ್ಲಿ ಹಿಡಿದು ತೋಟದ ತುದಿಯಲ್ಲಿ ಕಾಯುತ್ತಿದ್ದ. ಇದು ಕೊನೆಯ ಪುಟ ಎಂದು ಅವನಿಗೂ ಗೊತ್ತಿತ್ತು. ಮಾತು ಕೊಟ್ಟ ಅವಧಿ ಮುಗಿದದ್ದರಿಂದ ಬಾಲಸುಬ್ರಹ್ಮಣ್ಯ ನೀರಿನ ಮೂಲವನ್ನು ಬ್ರಿಜಿಟಳಿಗೆ ಹೇಳಿಯೇಬಿಟ್ಟರು. ಅವಳು ನೀರನ್ನು ನೋಡಿದಳು. "ಹರೀತದಲ್ಲಾ, ಸಾಕು," ಎಂದಳು.

ತೇರ್ಸ ಮುಗಿಯಿತು. ಹ್ಯೂಬರ್ಟನ ಕಿಸೆಯಲ್ಲಿ ಎರಿಕ್ ಗಂಟಲು ಸರಿಪಡಿಸಿಕೊಂಡ.

"ಕೊನೆಯದಾಗಿ, ವಧುವಿನ ತಾಯಿಯ ಬಗ್ಗೆ ಒಂದು ಮಾತು," ಎಂದು ಓದಿದ. "ನಾನು ಎರಡನೆಯ ಕ್ಲಾಸಿನಲ್ಲಿದ್ದಾಗ ಗೇರುಮರದಿಂದ ಬಿದ್ದು ನನ್ನ ಕಾಲು ಮುರಿದಿತ್ತು. ಪರೀಕ್ಷೆ ಹತ್ತಿರವಿತ್ತು. ನನ್ನ ಅಕ್ಕನಿಗೆ ಆಗ ಹನ್ನೊಂದು ವರ್ಷ. ಅವಳು ನನ್ನನ್ನು ಬೆನ್ನಮೇಲೆ ಹೊತ್ತು ಹೊಳೆಯ ದಂಡೆಯ ಮೇಲೆ ಶಾಲೆಗೆ ನಡೆದಳು. ಹೋಗುವಾಗ ಒಂದು ತೇರ್ಸ, ಬರುವಾಗ ಒಂದು ತೇರ್ಸ. ಎರಡು ತಿಂಗಳು. ದಾರಿಯಲ್ಲಿ ಒಂದು ದಿನವೂ ಇಳಿಸಲಿಲ್ಲ. 'ಬಾಯ್, ನಿನ್ನ ಕಾಲು ನಡುಗ್ತಾ ಉಂಟು, ಇಳಿಸು' ಎಂದರೆ, 'ಸುಮ್ಮನಿರು, ತೇರ್ಸ ನಡುವಿನಲ್ಲಿ ನಿಲ್ಲಿಸಬಾರದು' ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಅಂಥ ಕಾನೂನು ಅದಕ್ಕೆ ಮೊದಲು ಇರಲಿಲ್ಲ."

ಹ್ಯೂಬರ್ಟ್ ಹೆಂಡತಿಯ ಕಡೆ ನೋಡಿದ. ತಾನು ಕಂಡುಹಿಡಿದೆ ಎಂದು ಎರಡು ತಿಂಗಳಿಂದ ಒಳಗೊಳಗೇ ಹಿಗ್ಗಿದ್ದ ಉಪಾಯ ಐವತ್ತು ವರ್ಷ ಹಳೆಯದಾಗಿತ್ತು. ಅವಳು ಮುಂದೆ ನೋಡುತ್ತಾ ನಡೆಯುತ್ತಿದ್ದಳು. ಬಲಗಾಲು ಮಡಚಿ, ಎತ್ತಿ, ಇಟ್ಟು.

"ಇನ್ನು ಎಲ್ಲರೂ ಗ್ಲಾಸ್ ಎತ್ತಬೇಕು," ಎಂದು ಎರಿಕ್ ಓದಿದ.

ಅವರು ತೋಟದ ತುದಿಗೆ ಬಂದಿದ್ದರು. ಇಬ್ರಾಹಿಂ ಗಾವದ ಪುಟ್ಟ ಲೋಟಗಳನ್ನು ಕೊಟ್ಟ. ಬಾಲಸುಬ್ರಹ್ಮಣ್ಯ ಟೋಪಿ ತೆಗೆದರು. ನಾಲ್ವರೂ ಲೋಟ ಎತ್ತಿದರು. ಆರು ವರ್ಷ ಹಳೆಯ ಮದುವೆಗೆ ಶುಭ ಕೋರಿ ಕುಡಿದರು. ಈ ಸಲ ಬ್ಯಾಂಡ್ ಇರಲಿಲ್ಲ.

"ಬಾಯ್? ಕೇಳ್ತಾ ಉಂಟಾ?" ಎಂದ ಎರಿಕ್.

ಬ್ರಿಜಿಟ್ ಗಂಡನ ಎದೆಯ ಹತ್ತಿರಕ್ಕೆ ಬಾಗಿ, ಅವನ ಕಿಸೆಗೆ ಹೇಳಿದಳು.

"ಇಳಿಸಿದ್ರೆ ಮತ್ತೆ ಎತ್ತಲಿಕ್ಕೆ ಆಗ್ತಿರಲಿಲ್ಲ ಎರಿಕ್. ಅದಕ್ಕೆ ಇಳಿಸ್ಲಿಲ್ಲ."

ಎಲ್ಲರೂ ಬಾಗಿಲಿಗೆ ಮರಳಿದಾಗ ಇಬ್ರಾಹಿಂ ಪಂಪ್‌ಹೌಸಿನ ಬೀಗ ತೆಗೆದು, ಹಲಗೆಯನ್ನು ತಂದು, ಬಾಗಿಲ ಬಳಿಯ ಎರಡು ಕಲ್ಲಿನ ಮೇಲೆ ಮೊದಲಿನ ಹಾಗೆ ಇಟ್ಟ. ಹ್ಯೂಬರ್ಟ್ ಅದರ ಮೇಲೆ ಕೂತ. ಅವನಿಗೆ ಸಾಕಾಗಿತ್ತು. ಬ್ರಿಜಿಟ್ ಪರ್ಸನ್ನು ಅವನ ಮಡಿಲಲ್ಲಿಟ್ಟಳು.

"ನೀವು ಇಲ್ಲೇ ಇರಿ," ಎಂದಳು. "ನಾನು ಒಂದು ಸುತ್ತು ಹೋಗಿ ಬರ್ತೇನೆ."